ಕೋಳಿ ಜಗಳದಲ್ಲಿ ಬೆಳೆದ ಪಿಕಪ್

ಅಮೆರಿಕದಲ್ಲಿ ಹಿಮ ಬೀಳುವ ರಾಜ್ಯಗಳ ಕಡೆ ಹಳೆಯ ಟೊಯೊಟಾ ಟಕೋಮಾ ಪಿಕಪ್ ಕೊಳ್ಳಲು ಹೋಗುವವರು ದುಡ್ಡಿನ ಜೊತೆ ಒಂದು ಸಣ್ಣ ಸುತ್ತಿಗೆಯನ್ನೂ ಒಯ್ಯುವುದುಂಟು. ಎಂಜಿನ್ ಶುರು ಮಾಡಿ ಕೇಳುವುದು, ಊರ ಸುತ್ತ ಒಂದು ಸಲ ಓಡಿಸಿ ನೋಡುವುದು ಎಲ್ಲ ಆಮೇಲೆ. ಮೊದಲು ನೆಲಕ್ಕೆ ಬೆನ್ನು ಹಚ್ಚಿ ಗಾಡಿಯ ಕೆಳಗೆ ತೂರಬೇಕು, ಚಾಸಿಯ ಉದ್ದಕ್ಕೂ ತಟ್ಟುತ್ತಾ ಹೋಗಬೇಕು. ಗಟ್ಟಿ ಉಕ್ಕು ಖಣ್ ಎನ್ನುತ್ತದೆ. ಒಳಗಿಂದ ತುಕ್ಕು ತಿಂದ ಉಕ್ಕಿನ ದನಿ ಮಂಕು. ಕೆಟ್ಟ ಗಾಡಿಯಾದರೆ ದನಿಯೇ ಬರುವುದಿಲ್ಲ, ಸುತ್ತಿಗೆಯೇ ಒಳಗೆ ಹೋಗುತ್ತದೆ. ಸಂತೆಯಲ್ಲಿ ತೆಂಗಿನಕಾಯಿ ತಟ್ಟಿ ನೋಡಿ ಕೊಂಡವರಿಗೆ ಈ ವಿದ್ಯೆ ಹೊಸದೇನಲ್ಲ.

ಈ ಪರೀಕ್ಷೆಯನ್ನು ಯಾವ ಕಂಪನಿಯ ಕೈಪಿಡಿಯೂ ಹೇಳಿಕೊಡಲಿಲ್ಲ. ಗಾಡಿ ಕೊಂಡು, ಹತ್ತು ಚಳಿಗಾಲ ಓಡಿಸಿ, ಕೈ ಸುಟ್ಟುಕೊಂಡವರು ಒಬ್ಬರಿಗೊಬ್ಬರು ಹೇಳಿಕೊಂಡದ್ದು ಅದು. ಮಧ್ಯಮ ಗಾತ್ರದ ಪಿಕಪ್‌ಗಳ ಚರಿತ್ರೆಯಲ್ಲಿ ಇಂಥ ಮಾಲೀಕರ ಮಾತಿಗೆ ವಿಚಿತ್ರವಾದ ತೂಕವಿದೆ. ಕಾರಣ ಸರಳ. ಅಮೆರಿಕದಲ್ಲಿ ಈ ಗಾತ್ರದ ಗಾಡಿ ಬೇಕೆಂದವನಿಗೆ ಆಯ್ಕೆ ಯಾವತ್ತೂ ಹೆಚ್ಚಿರಲಿಲ್ಲ. ಸಿಕ್ಕಿದ ನಾಲ್ಕೈದರಲ್ಲೇ ಒಂದನ್ನು ಆರಿಸಿ, ಅದರ ಗುಣದೋಷಗಳ ಜೊತೆಗೇ ಬಾಳಬೇಕಿತ್ತು. ಆಯ್ಕೆ ಅಷ್ಟು ಕಿರಿದಾದದ್ದು ಏಕೆ ಎಂದು ಹುಡುಕುತ್ತಾ ಹೋದರೆ ಸಿಗುವುದು ಕೋಳಿ.

ಎರಡನೇ ಮಹಾಯುದ್ಧದ ನಂತರ ಅಮೆರಿಕದಲ್ಲಿ ಕೋಳಿ ಸಾಕಣೆ ಹಿತ್ತಲಿನ ಕಸುಬಾಗಿ ಉಳಿಯಲಿಲ್ಲ, ಕಾರ್ಖಾನೆಯ ಲೆಕ್ಕಕ್ಕೆ ಬಂತು. ಮಾಂಸ ಅಗ್ಗವಾಯಿತು. ಹಡಗು ಹಡಗು ಕೋಳಿ ಪಶ್ಚಿಮ ಜರ್ಮನಿಯ ಅಂಗಡಿಗಳಿಗೆ ಬಂದು ಬಿದ್ದಾಗ ಅಲ್ಲಿನ ರೈತರು ಕಂಗಾಲಾದರು. ಆಗಷ್ಟೇ ಕಣ್ಣು ಬಿಡುತ್ತಿದ್ದ ಯುರೋಪಿಯನ್ ಆರ್ಥಿಕ ಸಮುದಾಯ 1962ರಲ್ಲಿ ಹೊರಗಿನ ಕೋಳಿಯ ಮೇಲೆ ಸುಂಕ ಏರಿಸಿತು. ಈಗ ಕೂಗಾಡುವ ಸರದಿ ಅಮೆರಿಕದ ಕೋಳಿ ಸಾಕುವವರದು. ಕೋಳಿಗೆ ಹೆಸರಾದ ಆರ್ಕನ್ಸಾ ರಾಜ್ಯದ ಸೆನೆಟರ್ ವಿಲಿಯಂ ಫುಲ್‌ಬ್ರೈಟ್ ನ್ಯಾಟೋ ಕೂಟದ ಅಣ್ವಸ್ತ್ರ ಚರ್ಚೆಯ ನಡುವೆಯೇ ಕೋಳಿಯ ಅಹವಾಲು ಎತ್ತಿದರು. ಅಧ್ಯಕ್ಷ ಕೆನಡಿಯೊಡನೆ ತಾವು ನಡೆಸಿದ ಪತ್ರವ್ಯವಹಾರದಲ್ಲಿ ಅರ್ಧದಷ್ಟು ಕೋಳಿಯದೇ ಇರಬೇಕು ಎಂದು ಜರ್ಮನಿಯ ಚಾನ್ಸಲರ್ ಅಡೆನಾವರ್ ಹೇಳಿಕೊಂಡರಂತೆ. ಬರ್ಲಿನ್ ಗೋಡೆ ಎದ್ದು ಇನ್ನೂ ಎರಡು ವರ್ಷ ತುಂಬಿರದ ಕಾಲ ಅದು ಎಂಬುದನ್ನು ಮರೆಯಬಾರದು.

ಮಾತುಕತೆ ಮುರಿದುಬಿತ್ತು. 1963ರ ಡಿಸೆಂಬರ್‌ನಲ್ಲಿ, ಅಧಿಕಾರಕ್ಕೆ ಬಂದು ಎರಡು ವಾರವೂ ಆಗಿರದ ಅಧ್ಯಕ್ಷ ಲಿಂಡನ್ ಜಾನ್ಸನ್ ಪ್ರತೀಕಾರದ ಆದೇಶಕ್ಕೆ ಸಹಿ ಹಾಕಿದರು. ಆಲೂಗಡ್ಡೆ ಪಿಷ್ಟ, ಡೆಕ್ಸ್‌ಟ್ರಿನ್, ಬ್ರಾಂದಿ ಮತ್ತು ಹಗುರ ಟ್ರಕ್, ಈ ನಾಲ್ಕರ ಮೇಲೆ ಹೆಚ್ಚಿನ ಸುಂಕ ಬಿತ್ತು. ಟ್ರಕ್ಕಿನ ಪಾಲಿಗೆ ಬಂದದ್ದು ಶೇ. 25. ಗುರಿ ಫೋಕ್ಸ್‌ವ್ಯಾಗನ್ನಿನ ವ್ಯಾನು ಮತ್ತು ಪಿಕಪ್. ಆದರೆ ವ್ಯಾಪಾರದ ಕಟ್ಟಳೆಯ ಪ್ರಕಾರ ಒಂದೇ ದೇಶಕ್ಕೆ ಸುಂಕ ಹಾಕುವಂತಿರಲಿಲ್ಲ, ಎಲ್ಲರಿಗೂ ಹಾಕಬೇಕಿತ್ತು. ಪಿಷ್ಟ, ಬ್ರಾಂದಿಯ ಸುಂಕಗಳು ಕಾಲಕ್ರಮೇಣ ಸಡಿಲವಾದವು. ಟ್ರಕ್ಕಿನದು ಮಾತ್ರ ಅರವತ್ತು ವರ್ಷ ದಾಟಿದರೂ ಕದಲಲಿಲ್ಲ. ಅದಕ್ಕೆ ಇವತ್ತಿಗೂ ಅಲ್ಲಿ 'ಕೋಳಿ ಸುಂಕ' ಎಂದೇ ಹೆಸರು.

ಜರ್ಮನರ ಮೇಲೆ ಎಸೆದ ಈ ಕಲ್ಲು ಕೊನೆಗೆ ಬಿದ್ದದ್ದು ಜಪಾನಿನ ಮೇಲೆ. 1968ರಲ್ಲಿ ಟೊಯೊಟಾ ಹೈಲಕ್ಸ್ ಎಂಬ ಪಿಕಪ್ ಹೊರತಂದಿತು. ಅದನ್ನು ಕಟ್ಟಿದ್ದು ಹಿನೋ ಕಂಪನಿಯ ಕಾರ್ಖಾನೆಯಲ್ಲಿ. ಒಂದೂವರೆ ಲೀಟರ್ ಎಂಜಿನ್, ನಾಲ್ಕೂಕಾಲು ಮೀಟರಿನ ಆಸುಪಾಸಿನ ಉದ್ದ. ಇಂದಿನ ಲೆಕ್ಕದಲ್ಲಿ ಆಟಿಕೆ. ಡಟ್ಸನ್ ಅದಕ್ಕೂ ಮೊದಲೇ ಅಮೆರಿಕದ ಬಂದರು ಮುಟ್ಟಿತ್ತು. ಕ್ಯಾಲಿಫೋರ್ನಿಯಾದ ತೋಟದ ಕೆಲಸದವರಿಗೆ, ಪೇಂಟರ್‌ಗಳಿಗೆ, ಸರ್ಫಿಂಗ್ ಹಲಗೆ ಹೊತ್ತು ತಿರುಗುವ ಹುಡುಗರಿಗೆ ಬೇಕಾಗಿದ್ದದ್ದು ಇಂಥದೇ ಗಾಡಿ. ಪೆಟ್ರೋಲ್ ಕಡಿಮೆ ಕುಡಿಯಬೇಕು, ಬೆಳಗ್ಗೆ ಕೀಲಿ ತಿರುಗಿಸಿದರೆ ಹೊರಡಬೇಕು. 1973ರ ತೈಲ ಬಿಕ್ಕಟ್ಟಿನ ನಂತರ ಈ ಬೇಡಿಕೆ ಇನ್ನೂ ಏರಿತು. ಡೆಟ್ರಾಯಿಟ್‌ನ ಕಂಪನಿಗಳ ಬಳಿ ಇಷ್ಟು ಚಿಕ್ಕ ಟ್ರಕ್ ಇರಲಿಲ್ಲ. ಹಾಗಾಗಿ ಫೋರ್ಡ್ ಮಜ್ದಾ ಕಟ್ಟಿದ ಪಿಕಪ್ಪಿಗೆ ಕೊರಿಯರ್ ಎಂದು ಹೆಸರಿಟ್ಟು ಮಾರಿತು, ಷೆವರ್ಲೆ ಇಸುಝು ಕಟ್ಟಿದ್ದಕ್ಕೆ ಲವ್ ಎಂದಿತು. ಸುಂಕದ ಗೋಡೆಯ ಒಳಗಿದ್ದವರೇ ಹೊರಗಿನ ಮಾಲು ತರಿಸುವ ದಾರಿ ಹುಡುಕಿದರು.

ಆ ದಾರಿಯ ಕತೆ ಸ್ವಾರಸ್ಯವಾಗಿದೆ. ಪೂರ್ತಿ ಪಿಕಪ್ ತಂದರೆ ಶೇ. 25. ಹಿಂದಿನ ತೊಟ್ಟಿ ಇಲ್ಲದೆ, ಬರೀ ಚಾಸಿ ಮತ್ತು ಕ್ಯಾಬಿನ್ ತಂದರೆ ಶೇ. 4. ಕಂಪನಿಗಳು ತೊಟ್ಟಿಯಿಲ್ಲದ ಗಾಡಿಗಳನ್ನು ಹಡಗಿನಿಂದ ಇಳಿಸಿ, ತೊಟ್ಟಿಯನ್ನು ಅಮೆರಿಕದಲ್ಲೇ ಕೂರಿಸಿದವು. ಅಮೆರಿಕದಲ್ಲಿ ಟೊಯೊಟಾದ ತಯಾರಿಕೆ ಶುರುವಾದದ್ದು ಕಾರಿನಿಂದಲ್ಲ, 1972ರಲ್ಲಿ ಲಾಂಗ್ ಬೀಚ್‌ನಲ್ಲಿ ತಯಾರಾಗತೊಡಗಿದ ಈ ತೊಟ್ಟಿಗಳಿಂದ. 1980ರಲ್ಲಿ ಸುಂಕ ಇಲಾಖೆ ಈ ಕಿಂಡಿ ಮುಚ್ಚಿತು. ಚಾಪೆಯ ಕೆಳಗೆ ತೂರಿದವರಿಗೆ ರಂಗೋಲಿಯ ಕೆಳಗೆ ತೂರುವುದು ಗೊತ್ತಿರುತ್ತದೆ. ಸುಬಾರು ಕಂಪನಿ ತನ್ನ ಬ್ರ್ಯಾಟ್ ಎಂಬ ಪುಟ್ಟ ಪಿಕಪ್ಪಿನ ತೊಟ್ಟಿಯಲ್ಲೇ, ಹಿಂದಕ್ಕೆ ಮುಖ ಮಾಡಿದ ಎರಡು ಪ್ಲಾಸ್ಟಿಕ್ ಕುರ್ಚಿ ಬೆಸೆದು, ಕೆಳಗೆ ಕಾರ್ಪೆಟ್ ಹಾಸಿ, ಇದು ಟ್ರಕ್ ಅಲ್ಲ, ಪ್ರಯಾಣಿಕರ ಕಾರು ಎಂದಿತು. ಮಳೆಗೆ ಗಾಳಿಗೆ ಮೈಯೊಡ್ಡಿ ಅಲ್ಲಿ ಕೂತು ಯಾರು ಪ್ರಯಾಣ ಮಾಡುತ್ತಾರೆ ಎಂದು ಯಾರೂ ಕೇಳಲಿಲ್ಲ. ಮುಂದೆ ಅಧ್ಯಕ್ಷರಾದ ರೊನಾಲ್ಡ್ ರೇಗನ್ ತಮ್ಮ ತೋಟದಲ್ಲಿ ಇಟ್ಟುಕೊಂಡಿದ್ದದ್ದೂ ಒಂದು ಬ್ರ್ಯಾಟ್. ದಶಕಗಳ ನಂತರ ಫೋರ್ಡ್ ಕೂಡ ಹೊರದೇಶದಲ್ಲಿ ಕಟ್ಟಿದ ಟ್ರಾನ್ಸಿಟ್ ಕನೆಕ್ಟ್ ವ್ಯಾನುಗಳಿಗೆ ಸೀಟು ಕೂರಿಸಿ ಒಳತಂದು, ಬಂದರು ದಾಟಿದ ಮೇಲೆ ಸೀಟು ಕೀಳಿಸುತ್ತಿತ್ತು. ಆ ವ್ಯಾಜ್ಯ 2024ರಲ್ಲಿ 36.5 ಕೋಟಿ ಡಾಲರ್ ಕೊಡುವ ಒಪ್ಪಂದದಲ್ಲಿ ಮುಗಿಯಿತು.

ಕಿಂಡಿಗಳೆಲ್ಲ ಮುಚ್ಚಿದಾಗ ಉಳಿದದ್ದು ಒಂದೇ ದಾರಿ, ಅಮೆರಿಕದಲ್ಲೇ ಕಾರ್ಖಾನೆ ಕಟ್ಟುವುದು. 1983ರ ಜೂನ್‌ನಲ್ಲಿ ಟೆನೆಸಿಯ ಸ್ಮರ್ನಾದಲ್ಲಿ ನಿಸಾನ್‌ನ ಹೊಸ ಕಾರ್ಖಾನೆಯಿಂದ ಹೊರಬಂದ ಮೊದಲ ಗಾಡಿ ಒಂದು ಪಿಕಪ್. ಅದೇ ಹೊತ್ತಿಗೆ ಫೋರ್ಡಿನ ರೇಂಜರ್, ಷೆವರ್ಲೆಯ ಎಸ್-10 ಬಂದವು. 1987ರ ಡಾಜ್ ಡಕೋಟಾ ಸಣ್ಣದಕ್ಕೂ ದೊಡ್ಡದಕ್ಕೂ ನಡುವಿನ ಗಾಡಿ ಎಂದು ತನ್ನನ್ನು ಕರೆದುಕೊಂಡಿತು. 'ಮಧ್ಯಮ ಗಾತ್ರ' ಎಂಬ ಮಾತು ಅಲ್ಲಿಂದ ರೂಢಿಗೆ ಬಂತು. 1995ರಲ್ಲಿ ಟಕೋಮಾ.

ಇನ್ನು ಸುತ್ತಿಗೆಯ ವಿಷಯ. ಚಳಿಗಾಲದಲ್ಲಿ ರಸ್ತೆಯ ಹಿಮ ಕರಗಿಸಲು ಉಪ್ಪು ಸುರಿಯುತ್ತಾರೆ. ಆ ಉಪ್ಪುನೀರು ಪೆಟ್ಟಿಗೆಯಾಕಾರದ ಚಾಸಿಯ ಒಳಗೆ ಸೇರಿದರೆ ಹೊರಗೆ ಬಣ್ಣ ಚೆನ್ನಾಗಿದ್ದಂತೆಯೇ ಒಳಗೆ ಟೊಳ್ಳಾಗುತ್ತದೆ. ಎಂಜಿನ್ ಇನ್ನೂ ಎರಡು ಲಕ್ಷ ಮೈಲಿ ಓಡಬಲ್ಲದು, ಅದನ್ನು ಹೊತ್ತ ಬೆನ್ನೆಲುಬು ಮುರಿಯುತ್ತದೆ. ದೂರುಗಳು ಹೆಚ್ಚಿದಾಗ 2008ರಲ್ಲಿ ಟೊಯೊಟಾ 1995ರಿಂದ 2000ದವರೆಗಿನ ಟಕೋಮಾಗಳ ಚಾಸಿಯ ತುಕ್ಕಿಗೆ ಖಾತರಿಯನ್ನು 15 ವರ್ಷಕ್ಕೆ ವಿಸ್ತರಿಸಿತು. ರಿಪೇರಿ ಆಗದಷ್ಟು ಕೆಟ್ಟವನ್ನು ಮಾರುಕಟ್ಟೆ ಬೆಲೆಯ ಒಂದೂವರೆ ಪಟ್ಟು ಕೊಟ್ಟು ವಾಪಸು ಕೊಂಡಿತು. ಹದಿಮೂರು ವರ್ಷದ ಗಾಡಿಗೆ ಒಂದೂವರೆ ಪಟ್ಟು! ಆಮೇಲಿನ ಮಾದರಿಗಳ ಮೊಕದ್ದಮೆ 2016ರಲ್ಲಿ ಇತ್ಯರ್ಥವಾಯಿತು. ಸುಮಾರು 15 ಲಕ್ಷ ಗಾಡಿಗಳು, 340 ಕೋಟಿ ಡಾಲರ್ ವರೆಗಿನ ಅಂದಾಜು ಮೊತ್ತ. ಇಷ್ಟಾದರೂ ಹಳೆಯ ಟಕೋಮಾದ ಬೆಲೆ ಇಳಿಯಲಿಲ್ಲ. ಕೊಳ್ಳುವವರು ಸುತ್ತಿಗೆ ಹಿಡಿದು ಬರತೊಡಗಿದರು, ಅಷ್ಟೇ.

ನಿಸಾನ್ ಫ್ರಾಂಟಿಯರ್ ಕೊಳ್ಳುವವರಿಗೆ ಬೇರೆ ಎಚ್ಚರಿಕೆ. 2005ರಿಂದ 2010ರ ನಡುವಿನ ಗಾಡಿಗಳಲ್ಲಿ ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆ ತಣಿಸುವ ಕೊಳವೆ ರೇಡಿಯೇಟರಿನ ಒಳಗೇ ಇತ್ತು. ಅದು ಸೀಳಿದರೆ ಕೂಲೆಂಟ್ ಎಣ್ಣೆಗೆ ಬೆರೆತು ನಸುಗೆಂಪು ನೊರೆಯಾಗುತ್ತಿತ್ತು. ಗೇರ್‌ಬಾಕ್ಸಿನ ಕತೆ ಅಲ್ಲಿಗೆ ಮುಗಿಯುತ್ತಿತ್ತು. ಮಾಲೀಕರು ಅದಕ್ಕೆ ಕೊಟ್ಟ ಹೆಸರು 'ಸಾವಿನ ಸ್ಟ್ರಾಬೆರಿ ಮಿಲ್ಕ್‌ಶೇಕ್'. ಮೊಕದ್ದಮೆ ನಡೆಯಿತು, ಖಾತರಿ ವಿಸ್ತರಣೆಯಾಯಿತು. ಬಲ್ಲವರು ಮಾತ್ರ ಅದಕ್ಕೆಲ್ಲ ಕಾಯಲಿಲ್ಲ. ಗಾಡಿ ಕೊಂಡ ವಾರವೇ ರೇಡಿಯೇಟರ್ ಬದಲಿಸಿದರು, ಇಲ್ಲವೇ ಎಣ್ಣೆ ತಣಿಸಲು ಬೇರೆಯೇ ಕೂಲರ್ ಹಾಕಿಸಿಕೊಂಡರು. ಕೆಲವು ನೂರು ಡಾಲರ್ ಖರ್ಚು ಕೆಲವು ಸಾವಿರ ಡಾಲರ್ ಉಳಿಸಿತು.

ಇವೆಲ್ಲ ಕೆಟ್ಟ ಗಾಡಿ ಗುರುತಿಸುವ ಬುದ್ಧಿ. ಸರಿಯಿರುವ ಗಾಡಿಯನ್ನೇ ತಪ್ಪು ಲೆಕ್ಕದಲ್ಲಿ ಕೊಳ್ಳುವವರ ಸಂಖ್ಯೆ ಅದಕ್ಕಿಂತ ದೊಡ್ಡದು. ಪಿಕಪ್ ಎಷ್ಟು ಎಳೆಯುತ್ತದೆ ಎಂದು ಜಾಹೀರಾತು ಕೂಗುತ್ತದೆ, ಎಷ್ಟು ಹೊರುತ್ತದೆ ಎನ್ನುವುದು ಡ್ರೈವರ್ ಬಾಗಿಲಿನ ಸಂದಿಯಲ್ಲಿ ಅಂಟಿಸಿದ ಚೀಟಿಯಲ್ಲಿ ಇರುತ್ತದೆ. ಆ ಚೀಟಿಯ ತೂಕದಲ್ಲಿ ಕೂತವರೂ ಸೇರುತ್ತಾರೆ. ಚೀಟಿ 500 ಕಿಲೋ ಎಂದರೆ, 75 ಕಿಲೋದ ನಾಲ್ವರು ಕೂತಾಗ ಉಳಿದದ್ದು 200 ಕಿಲೋ. ಅಂದರೆ ನಾಲ್ಕು ಮೂಟೆ ಸಿಮೆಂಟ್! ನಾಲ್ಕು ಬಾಗಿಲಿನ ಕ್ಯಾಬಿನ್ ಬಂದ ಮೇಲೆ ತೊಟ್ಟಿ ಐದು ಅಡಿಗೆ ಕುಗ್ಗಿತು. ಅದರಲ್ಲಿ ಮೋಟಾರ್‌ಸೈಕಲ್ ಇಟ್ಟರೆ ಹಿಂಬಾಗಿಲು ಮುಚ್ಚದು. ಎಂಟಡಿ-ನಾಲ್ಕಡಿಯ ಪ್ಲೈವುಡ್ ಹಾಳೆ ಈ ಗಾತ್ರದ ಬಹುತೇಕ ಗಾಡಿಗಳಲ್ಲಿ ಚಕ್ರದ ಉಬ್ಬುಗಳ ನಡುವೆ ಸಪಾಟಾಗಿ ಕೂರುವುದಿಲ್ಲ. ಕಾರಿನ ಮಾದರಿಯಲ್ಲಿ, ಬೇರೆ ಚಾಸಿಯಿಲ್ಲದೆ ಕಟ್ಟಿದ ಹೊಂಡಾ ರಿಜ್‌ಲೈನ್‌ನಲ್ಲಿ ಕೂರುತ್ತದೆ. ಅದು ಪಿಕಪ್ಪೇ ಅಲ್ಲ ಎಂದು ಮಿಕ್ಕವರು ಮೂಗು ಮುರಿಯುತ್ತಾರೆ. ಬಡಗಿಗೆ ಹಾಳೆ ಕೂತರೆ ಸಾಕು.

ಗಾಡಿ ಚಿಕ್ಕದಾಗಿಯೇ ಉಳಿಯಬಹುದಿತ್ತಲ್ಲ? ಉಳಿಯಲಿಲ್ಲ. ಇಂಧನ ಮಿತವ್ಯಯದ ನಿಯಮಗಳು 2006ರ ಬದಲಾವಣೆಯ ನಂತರ ಗಾಡಿಯ ನಾಲ್ಕು ಚಕ್ರಗಳ ನಡುವಿನ ವಿಸ್ತಾರವನ್ನು ಅಳತೆಗೋಲು ಮಾಡಿಕೊಂಡವು. ವಿಸ್ತಾರ ಹೆಚ್ಚಿದಷ್ಟೂ ಮೈಲೇಜಿನ ಗುರಿ ಸಡಿಲ. ಚಿಕ್ಕ ಟ್ರಕ್ ಕಟ್ಟಿದವನಿಗೆ ಕಠಿಣ ಪರೀಕ್ಷೆ, ದೊಡ್ಡದು ಕಟ್ಟಿದವನಿಗೆ ರಿಯಾಯಿತಿ. ಹೊರಗಿನಿಂದ ಚಿಕ್ಕದನ್ನು ತರಿಸೋಣವೆಂದರೆ ಕೋಳಿ ಸುಂಕ. 2011ರ ಡಿಸೆಂಬರ್‌ನಲ್ಲಿ ಮಿನೆಸೋಟಾದ ಸೇಂಟ್ ಪಾಲ್ ಕಾರ್ಖಾನೆಯಲ್ಲಿ ಕೊನೆಯ ಚಿಕ್ಕ ರೇಂಜರ್ ಇಳಿದು, ಕಾರ್ಖಾನೆಯೇ ಮುಚ್ಚಿತು. ಡಕೋಟಾ ಆ ವರ್ಷವೇ ನಿಂತಿತ್ತು. 2019ರಲ್ಲಿ ರೇಂಜರ್ ಮರಳಿ ಬಂದಾಗ ಹೆಸರು ಅದೇ, ಮೈ ಬೇರೆ. 2024ರ ನಾಲ್ಕು ಬಾಗಿಲಿನ ಟಕೋಮಾ 5.4 ಮೀಟರ್ ಉದ್ದ. ಮೊದಲ ಹೈಲಕ್ಸಿನ ಪಕ್ಕ ನಿಲ್ಲಿಸಿದರೆ ಒಂದು ಮೀಟರಿಗೂ ಹೆಚ್ಚು ಮುಂದೆ ಚಾಚುತ್ತದೆ.

ಈ ಕತೆಯಲ್ಲಿ ಭಾರತದ್ದೂ ಒಂದು ಪ್ರಯತ್ನವಿದೆ. 2000ದ ದಶಕದ ಕೊನೆಯಲ್ಲಿ ಮಹೀಂದ್ರಾ ತನ್ನ ಡೀಸೆಲ್ ಪಿಕಪ್ಪನ್ನು ಅಮೆರಿಕದಲ್ಲಿ ಮಾರಲು ಅಲ್ಲಿನ ವಿತರಕ ಸಂಸ್ಥೆಯೊಂದರ ಜೊತೆ ಕೈಜೋಡಿಸಿತು. ಕೋಳಿ ಸುಂಕದಿಂದ ಪಾರಾಗುವ ಲೆಕ್ಕಾಚಾರವೂ ನಡೆದಿತ್ತು. 2010ರಲ್ಲಿ ಸಂಬಂಧ ಹಳಸಿ ವಿಷಯ ನ್ಯಾಯಾಲಯಕ್ಕೆ ಹೋಯಿತು. ಗಾಡಿ ಹೋಗಲೇ ಇಲ್ಲ. ಸ್ವದೇಶದಲ್ಲಿ ಈ ಗಾತ್ರದ ದಾರಿ ತೆರೆದದ್ದು 1988ರಲ್ಲಿ ಪುಣೆಯಿಂದ ಬಂದ ಟಾಟಾ ಮೊಬೈಲ್. ಅದರ ಬುನಾದಿಯ ಮೇಲೆಯೇ 1991ರ ಟಾಟಾ ಸಿಯೆರಾ ಎದ್ದದ್ದು. ಆದರೂ ಇಲ್ಲಿ ಪಿಕಪ್ ಎಂದರೆ ಹಾಲು, ತರಕಾರಿ, ಶಾಮಿಯಾನ ಹೊರುವ ಗಾಡಿ. ಮನೆ ಮುಂದೆ ನಿಲ್ಲಿಸುವ ಸ್ವಂತ ವಾಹನವಾಗಿ ಅದನ್ನು ಕೊಳ್ಳುವವರು ಕಡಿಮೆ. 2016ರಲ್ಲಿ ಚೆನ್ನೈಗೆ ಹತ್ತಿರದ ಶ್ರೀಸಿಟಿಯ ಕಾರ್ಖಾನೆಯಿಂದ ಇಸುಝು ವಿ-ಕ್ರಾಸ್ ಬಂದ ಮೇಲೆ ಒಂದು ಸಣ್ಣ ಬಳಗ ಹುಟ್ಟಿತು. 2022ರ ಜನವರಿಯಲ್ಲಿ ಹೈಲಕ್ಸ್ ಬಂತು, ಅದೂ ಬೆಂಗಳೂರಿನ ಪಕ್ಕದ ಬಿಡದಿಯಿಂದ. ಬೇಡಿಕೆ ತಡೆಯಲಾರದೆ ಕೆಲವೇ ವಾರಗಳಲ್ಲಿ ಬುಕಿಂಗ್ ನಿಲ್ಲಿಸಬೇಕಾಯಿತು. ಹೊಸಬರಿಗೆ ಅದು ಅಪರಿಚಿತವೆನಿಸಿದರೂ ಬಂಧು ಹಳಬನೇ. ಮುಂಬೈಯಿಂದ ಶಿರಡಿಗೆ, ಚೆನ್ನೈಯಿಂದ ತಿರುಪತಿಗೆ ಹೋದ ಇನ್ನೋವಾ ಮತ್ತು ಹೈಲಕ್ಸ್ 2004ರಲ್ಲಿ ಒಂದೇ ಯೋಜನೆಯಲ್ಲಿ, ಒಂದೇ ಬುನಾದಿಯ ಮೇಲೆ ಹುಟ್ಟಿದ ಒಡಹುಟ್ಟು.

ಫಾರ್ಚ್ಯೂನರ್‌ನ 2.8 ಲೀಟರ್ ಡೀಸೆಲ್ ಎಂಜಿನ್ನೇ ಅದರಲ್ಲೂ ಇದೆ. ಹಿಂದೆ ಮಾತ್ರ ಲಾರಿಯಂತೆ ಲೀಫ್ ಸ್ಪ್ರಿಂಗ್. ತೊಟ್ಟಿ ಖಾಲಿಯಿದ್ದರೆ ಹಂಪುಗಳ ಮೇಲೆ ಹಿಂದಿನ ಸೀಟಿನವರು ಕುಲುಕಿ ಹೋಗುತ್ತಾರೆ, ಭಾರ ಹಾಕಿದರೆ ಸಮಾಧಾನ. ಹಾಗಾಗಿ ಮನೆಯ ಹಿರಿಯರನ್ನು ಹಿಂದೆ ಕೂರಿಸಿ, ಶೋರೂಮಿನ ನುಣುಪು ರಸ್ತೆ ಬಿಟ್ಟು ಬೇರೆಡೆ ಹತ್ತು ಕಿಲೋಮೀಟರ್ ಓಡಿಸಿ ನೋಡದೆ ಮುಂಗಡ ಕೊಡುವುದು ಜಾಣತನವಲ್ಲ. ಕಡಲ ಗಾಳಿಯ ಊರುಗಳಲ್ಲಿ, ಅಂದರೆ ಮುಂಬೈ, ಚೆನ್ನೈ, ಮಂಗಳೂರಿನಲ್ಲಿ ಓಡಿದ ಹಳೆಯ ಗಾಡಿಯಾದರೆ ಸುತ್ತಿಗೆ ಇಲ್ಲಿಯೂ ಬೇಕು.

ಜೊತೆಗೆ ಒಂದು ಟೇಪು. ಹೈಲಕ್ಸಿನ ಉದ್ದ 5,325 ಮಿಲಿಮೀಟರ್. ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಜಾಗ ಸಾಮಾನ್ಯವಾಗಿ ಐದು ಮೀಟರ್. ಉಳಿದ ಒಂದಡಿ ಎದುರು ಮನೆಯವರ ದಾರಿಯಲ್ಲಿ ನಿಲ್ಲುತ್ತದೆ.