ಅಂಚೆ ಕಾರ್ಡಿಗಿರುವ ಕಾವಲು ಕೇಸ್ ಶೀಟಿಗಿಲ್ಲ

ಆಸ್ಪತ್ರೆಯಲ್ಲಿರುವ ರೋಗಿಯ ಕೇಸ್ ಶೀಟನ್ನು ಪೊಲೀಸರು ಪಡೆಯಬೇಕಾದರೆ ನ್ಯಾಯಾಧೀಶರ ಅಪ್ಪಣೆ ಬೇಕೆ? ಬೇಕು ಎನ್ನುವಂತಿದೆ ವೈದ್ಯರ ನಿಯಮಾವಳಿ. ಬೇಡ ಎನ್ನುತ್ತದೆ ಪೊಲೀಸರ ಕಾನೂನು. ಈ ಎರಡರ ನಡುವಿನ ಸಂದಿಯಲ್ಲಿ ರೋಗಿಯ ಗುಟ್ಟು ಎಲ್ಲಿ ಸೋರುತ್ತದೆ ಎಂಬುದಷ್ಟೇ ಈ ಟಿಪ್ಪಣಿಯ ವಿಷಯ.

ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ವೃತ್ತಿ ನಡವಳಿಕೆ ನಿಯಮಾವಳಿಯ 7.14ನೇ ನಿಯಮದಂತೆ, ವೃತ್ತಿಯ ದೆಸೆಯಿಂದ ತಿಳಿದ ಗುಟ್ಟನ್ನು ವೈದ್ಯರು ಹೊರಗೆಡಹುವಂತಿಲ್ಲ. ವಿನಾಯಿತಿ ಮೂರೇ: ನ್ಯಾಯಾಲಯದಲ್ಲಿ ನ್ಯಾಯಾಧೀಶರ ಆದೇಶವಾದಾಗ, ಗುರುತಿಸಬಹುದಾದ ವ್ಯಕ್ತಿಗೋ ಸಮುದಾಯಕ್ಕೋ ಗಂಭೀರ ಅಪಾಯವಿದ್ದಾಗ, ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗವಾದಾಗ. ಆದರೆ ಅದೇ ನಿಯಮಾವಳಿಯ 1.3.2 ಬೇರೆ ರಾಗ ಹಾಡುತ್ತದೆ. ರೋಗಿಯಾಗಲಿ, ಸಂಬಂಧಪಟ್ಟ ‘ಕಾನೂನು ಪ್ರಾಧಿಕಾರ’ವಾಗಲಿ ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕು. ಠಾಣೆಯೂ ಈ ಪ್ರಾಧಿಕಾರದಲ್ಲಿ ಸೇರಿತೆ? ನಿಯಮ ಬಾಯಿಬಿಡುವುದಿಲ್ಲ. 2023ರ ಆಗಸ್ಟ್‌ನಲ್ಲಿ ಹೊಸ ನಿಯಮಾವಳಿ ಪ್ರಕಟವಾಯಿತಾದರೂ ಅದೇ ತಿಂಗಳು ಅದನ್ನು ತಡೆಹಿಡಿದು, ಹಳೆಯದನ್ನೇ ಮತ್ತೆ ಜಾರಿಗೆ ತಂದರು. ಹೀಗಾಗಿ ಗೊಂದಲ ಇದ್ದಲ್ಲೇ ಇದೆ.

ಪೊಲೀಸರ ಕೈಯಲ್ಲಿರುವುದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 94ನೇ ಕಲಂ, ಅಂದರೆ ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 91. ತನಿಖೆಗೆ ‘ಅಗತ್ಯ ಅಥವಾ ಅಪೇಕ್ಷಣೀಯ’ ಎನಿಸಿದ ಯಾವ ದಾಖಲೆಯನ್ನಾದರೂ ಹಾಜರುಪಡಿಸುವಂತೆ ಠಾಣಾಧಿಕಾರಿ ಲಿಖಿತವಾಗಿ ಆದೇಶಿಸಬಹುದು. 2024ರ ಜುಲೈ 1ರಿಂದ ಈ ಆದೇಶ ವಿದ್ಯುನ್ಮಾನ ರೂಪದಲ್ಲೂ ಬರಬಹುದು. ಅಪೇಕ್ಷಣೀಯವೋ ಅಲ್ಲವೋ ಎಂದು ತೀರ್ಮಾನಿಸುವವರೂ ಕೇಳುವವರೂ ಒಬ್ಬರೇ. ಪರಿಷತ್ತಿನ ನಿಯಮಾವಳಿ ಸಂಸತ್ತಿನ ಕಾಯಿದೆಯೆದುರು ನಿಲ್ಲುವುದು ಕಷ್ಟ. ಮೇಲಾಗಿ ಅದು ಕಟ್ಟಿಹಾಕುವುದು ವೈದ್ಯರನ್ನು. ಕೇಸ್ ಶೀಟ್ ಇರುವುದು ಮೆಡಿಕಲ್ ರೆಕಾರ್ಡ್ಸ್ ವಿಭಾಗದ ಗುಮಾಸ್ತರ ಕಪಾಟಿನಲ್ಲಿ.

94ನೇ ಕಲಮಿನ ಮೂರನೆಯ ಉಪಕಲಮನ್ನು ಇಲ್ಲಿ ನಿಧಾನವಾಗಿ ಓದಬೇಕು. ಅಂಚೆ ಇಲಾಖೆಯ ವಶದಲ್ಲಿರುವ ಕಾಗದ, ಅಂಚೆ ಕಾರ್ಡು, ಪಾರ್ಸೆಲ್ಲುಗಳಿಗೆ ಈ ಅಧಿಕಾರ ಅನ್ವಯಿಸುವುದಿಲ್ಲ. ಅವು ಬೇಕಾದರೆ 95ನೇ ಕಲಮಿನಡಿ ಜಿಲ್ಲಾ ಮ್ಯಾಜಿಸ್ಟ್ರೇಟರೋ, ಮುಖ್ಯ ನ್ಯಾಯಿಕ ಮ್ಯಾಜಿಸ್ಟ್ರೇಟರೋ, ಸೆಷನ್ಸ್ ಅಥವಾ ಹೈಕೋರ್ಟೋ ಕೇಳಬೇಕು. ಬ್ಯಾಂಕಿನ ಲೆಕ್ಕಪುಸ್ತಕಗಳಿಗೂ 1891ರ ಕಾಯಿದೆಯ ರಕ್ಷಣೆಯನ್ನು ಉಳಿಸಲಾಗಿದೆ. ಪೋಸ್ಟ್‌ಮ್ಯಾನ್ ದಾರಿಯಲ್ಲಿ ಓದಿಕೊಳ್ಳಬಹುದಾದ ಕಾರ್ಡಿಗೆ ಮ್ಯಾಜಿಸ್ಟ್ರೇಟರ ಕಾವಲು. ಗರ್ಭಪಾತ, ಕುಡಿತ, ನಿದ್ದೆ ಮಾತ್ರೆ ಎಲ್ಲವೂ ‘ಹಿಂದಿನ ಚರಿತ್ರೆ’ ಎಂಬ ಒಂದೇ ಪುಟದಲ್ಲಿ ಬರೆದಿರುವ ಕೇಸ್ ಶೀಟಿಗೆ ಠಾಣೆಯ ಒಂದು ಪತ್ರ ಸಾಕು.

ಹೊಡೆತ, ವಿಷಸೇವನೆ, ಸುಟ್ಟಗಾಯದಂಥ ಎಂಎಲ್‌ಸಿ (ಮೆಡಿಕೊ-ಲೀಗಲ್) ಪ್ರಕರಣಗಳಲ್ಲಿ ಠಾಣೆಗೆ ಸುದ್ದಿ ಹೋಗಬೇಕು, ಗಾಯದ ಪ್ರಮಾಣಪತ್ರ ಸಿಗಬೇಕು, ಅದರಲ್ಲಿ ತಕರಾರಿಲ್ಲ. ತಕರಾರಿರುವುದು ಗಾಯದ ಜೊತೆಗೆ ಇಡೀ ಕಡತವನ್ನೇ ಎತ್ತಿಕೊಡುವುದರಲ್ಲಿ. ರೋಗಿಯೇ ಆರೋಪಿಯಾದರಂತೂ ವಿಚಿತ್ರ. ಶ್ಯಾಮಲಾಲ್ ಚೋಕ್ಸಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1960ರ ದಶಕದಲ್ಲೇ ಹೇಳಿದಂತೆ, ದಾಖಲೆ ತಂದುಕೊಡು ಎಂಬ ಈ ಬಗೆಯ ಆದೇಶವನ್ನು ಆರೋಪಿಗೆ ಕೊಡಲಾಗದು. ಅವನು ವೈದ್ಯರ ಬಳಿ ಹೇಳಿಕೊಂಡದ್ದನ್ನು ಮಾತ್ರ ಆಸ್ಪತ್ರೆಯಿಂದ ಪಡೆಯಬಹುದು! ವಕೀಲರಿಗೆ ಸಾಕ್ಷ್ಯ ಕಾನೂನಿನಲ್ಲಿರುವ ಗೋಪ್ಯತೆಯ ರಕ್ಷಣೆ ವೈದ್ಯರಿಗಿಲ್ಲ.

ಸಂಸತ್ತಿಗೆ ಈ ಸೂಕ್ಷ್ಮ ಗೊತ್ತಿಲ್ಲವೆಂದಲ್ಲ. 2017ರ ಎಚ್‌ಐವಿ ಕಾಯಿದೆಯಂತೆ ಸೋಂಕಿನ ಸ್ಥಿತಿಯನ್ನು ಹೇಳುವಂತೆ ಬಲವಂತಪಡಿಸಲು ನ್ಯಾಯದ ಹಿತಕ್ಕೆ ಅದು ಅವಶ್ಯವೆಂಬ ಆದೇಶ ಬೇಕು. ಅದೇ ವರ್ಷದ ಮಾನಸಿಕ ಆರೋಗ್ಯ ಕಾಯಿದೆಯೂ ಗೋಪ್ಯತೆಯನ್ನು ರೋಗಿಯ ಹಕ್ಕೆಂದೇ ಬರೆದಿದೆ. ಗರ್ಭಪಾತ ಕಾಯಿದೆಗೆ 2021ರಲ್ಲಿ ಸೇರಿದ 5ಎ ಕಲಂ ಮಹಿಳೆಯ ಹೆಸರು ಬಯಲುಮಾಡಿದ ವೈದ್ಯರಿಗೆ ಒಂದು ವರ್ಷದವರೆಗೆ ಸಜೆ ವಿಧಿಸುತ್ತದೆ. ಆದರೆ ‘ಕಾನೂನಿನಡಿ ಅಧಿಕಾರ ಪಡೆದವರಿಗೆ’ ಎಂಬ ವಿನಾಯಿತಿಯ ಕಿಂಡಿಯಲ್ಲಿ 94ನೇ ಕಲಂ ನುಸುಳದೆಂದು ಹೇಗೆ ಹೇಳುವುದು? 2022ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಅಪ್ರಾಪ್ತೆಯೂ ಪೋಷಕರೂ ಕೋರಿದರೆ ಪೋಕ್ಸೊ ಮಾಹಿತಿಯಲ್ಲಿ ಆಕೆಯ ಗುರುತು ಕೊಡಬೇಕಿಲ್ಲ ಎಂದು ಆ ಕಿಂಡಿಯನ್ನು ಒಂದಿಷ್ಟು ಮುಚ್ಚಿತು. ಡಯಾಬಿಟಿಸ್, ಕ್ಷಯದ ಚಿಕಿತ್ಸೆಗಳಿಗೆ ಅಂಥ ಪ್ರತ್ಯೇಕ ಕಾಯಿದೆಯಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯಿದೆಯೂ 17ನೇ ಕಲಮಿನಲ್ಲಿ ಅಪರಾಧ ತನಿಖೆಗೆ ವಿಶಾಲವಾದ ವಿನಾಯಿತಿ ಕೊಟ್ಟು ಪಕ್ಕಕ್ಕೆ ಸರಿದಿದೆ.

ದಾರಿ ಹಳೆಯ ತೀರ್ಪೊಂದರಲ್ಲಿದೆ. ಮಂಗಳೂರಿನಲ್ಲಿ ಹುಟ್ಟಿದ ಕೆನರಾ ಬ್ಯಾಂಕ್ ಹೈದರಾಬಾದಿನ ಜಿಲ್ಲಾ ರಿಜಿಸ್ಟ್ರಾರರ ವಿರುದ್ಧ ಹೋರಾಡಿದ ಪ್ರಕರಣವದು. ಆಂಧ್ರದ ಮುದ್ರಾಂಕ ಕಾನೂನು ಬ್ಯಾಂಕಿನಲ್ಲಿರುವ ಗ್ರಾಹಕರ ಕಾಗದಪತ್ರ ಜಾಲಾಡಲು ಅಧಿಕಾರಿಗಳಿಗೆ ಮಿತಿಯಿಲ್ಲದ ಅಧಿಕಾರ ಕೊಟ್ಟಿತ್ತು. ಖಾಸಗಿತನ ಜಾಗಕ್ಕಲ್ಲ, ವ್ಯಕ್ತಿಗೆ ಅಂಟಿದ್ದು. ನಂಬಿ ಇನ್ನೊಬ್ಬರ ವಶಕ್ಕೆ ಕೊಟ್ಟ ಮಾತ್ರಕ್ಕೆ ಅದು ಅಳಿಯದು ಎಂದು ಸುಪ್ರೀಂ ಕೋರ್ಟ್ ಆ ಅಧಿಕಾರವನ್ನು ಒಪ್ಪಲಿಲ್ಲ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯ ಮೇಲೆ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದ ಮೇಲೆ ಆ ತರ್ಕ ಇನ್ನಷ್ಟು ಗಟ್ಟಿಯಾಗಿದೆ. ಬ್ಯಾಂಕಿಗೆ ಸಲ್ಲುವ ಮಾತು ಆಸ್ಪತ್ರೆಗೆ ಸಲ್ಲದೆಂದು ವಾದಿಸುವುದು ನನ್ನ ಮಟ್ಟಿಗೆ ಅಸಾಧ್ಯ.

ಅಂಚೆಯ ಸಾಲಿಗೆ ರೋಗಿಯ ದಾಖಲೆಯನ್ನೂ ಸೇರಿಸಿ 94(3)ನ್ನು ತಿದ್ದಬೇಕು. ಅಲ್ಲಿಯವರೆಗೆ ಆಸ್ಪತ್ರೆಗಳು ಬಾಯಿಮಾತಿಗೆ ಕಡತ ಕೊಡದೆ, ಅಪರಾಧ ಸಂಖ್ಯೆ ಕಾಣಿಸಿದ ಲಿಖಿತ ಆದೇಶ ಕೇಳಲಿ, ತನಿಖೆಗೆ ಬೇಕಾದ ಪುಟಗಳ ದೃಢೀಕೃತ ಪ್ರತಿಯನ್ನಷ್ಟೇ ಕೊಡಲಿ, ರೋಗಿಗೂ ತಿಳಿಸಲಿ. ತಿಳಿಸಬಾರದೆಂದು 94ನೇ ಕಲಂ ಎಲ್ಲಿಯೂ ಹೇಳಿಲ್ಲ.