ತಾಲೀಮು, ಹಮಾಲಿ ಮತ್ತು ಮಿದುಳಿನ ಪುರಸ್ಕಾರ ವ್ಯವಸ್ಥೆ

ಮೈ ದಣಿದ ಮೇಲೆ ಮನಸ್ಸಿಗೆ ಒದಗುವ ಹಿತವನ್ನು ಮಿದುಳಿನ ಒಂದು ನಿರ್ದಿಷ್ಟ ನರಮಾರ್ಗದಲ್ಲಿ ಹುಡುಕುವ ವಿಜ್ಞಾನದ ಬೇರು 1954ರ ಒಂದು ಪ್ರಯೋಗದಲ್ಲಿದೆ. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಜೇಮ್ಸ್ ಓಲ್ಡ್ಸ್ ಮತ್ತು ಪೀಟರ್ ಮಿಲ್ನರ್ ಇಲಿಗಳ ಮಿದುಳಿಗೆ ವಿದ್ಯುತ್ ತಂತಿಯನ್ನು ಜೋಡಿಸಿ, ಸನ್ನೆಕೋಲನ್ನು ಒತ್ತಿದಾಗಲೆಲ್ಲ ಅದರಲ್ಲಿ ಅಲ್ಪ ವಿದ್ಯುತ್ ಹರಿಯುವಂತೆ ಮಾಡಲಾಗಿ, ಇಲಿಗಳು ಬಿಡದೆ ಆ ಸನ್ನೆಕೋಲನ್ನು ಒತ್ತತೊಡಗಿದವು. ಹೀಗೆ ಒಂದು ಕ್ರಿಯೆಯನ್ನು ಮತ್ತೆ ಮತ್ತೆ ಮಾಡುವಂತೆ ಪ್ರಾಣಿಯನ್ನು ಪ್ರೇರಿಸುವ ನರಜಾಲಕ್ಕೆ ಪುರಸ್ಕಾರ ವ್ಯವಸ್ಥೆ ಎಂಬ ಹೆಸರು ಬಂದಿತು. ನಡುಮಿದುಳಿನಿಂದ ಮುಮ್ಮಿದುಳಿನ ನ್ಯೂಕ್ಲಿಯಸ್ ಅಕ್ಯುಂಬೆನ್ಸ್ ಎಂಬ ಭಾಗಕ್ಕೆ ಸಾಗುವ, ಡೋಪಮೈನ್ ಸ್ರವಿಸುವ ನರತಂತುಗಳು ಅದರ ಮುಖ್ಯ ಅಂಗ. ಡೋಪಮೈನನ್ನು ಸುಖದ ರಾಸಾಯನಿಕವೆಂದು ಕರೆಯುವ ರೂಢಿ ಇಂದಿಗೂ ಇದೆಯಾದರೂ, ಅದು ಸುಖಕ್ಕಿಂತ ಹೆಚ್ಚಾಗಿ ಹಂಬಲಕ್ಕೆ ಸಂಬಂಧಿಸಿದ್ದೆಂದು ಅಮೆರಿಕದ ಕೆಂಟ್ ಬೆರಿಜ್ ಅವರ ಸಂಶೋಧನೆಗಳು ತೋರಿಸಿವೆ.

ಓಲ್ಡ್ಸ್ ಅವರ ಮಾರ್ಗವನ್ನು ಕರ್ನಾಟಕದಲ್ಲಿ ಮುಂದುವರಿಸಿದ್ದು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ. ಅಲ್ಲಿನ ಬಿ.ಎಲ್. ಮೇಟಿ, ಟಿ.ಆರ್. ರಾಜು ಮತ್ತು ಬಿ.ಎಸ್. ಶಂಕರನಾರಾಯಣ ರಾವ್ ಅವರು 1990ರ ದಶಕದಲ್ಲಿ, ಹೀಗೆ ತಮ್ಮ ಮಿದುಳನ್ನು ತಾವೇ ಪ್ರಚೋದಿಸಿಕೊಂಡ ಇಲಿಗಳಲ್ಲಿ ನೆನಪಿಗೆ ಸಂಬಂಧಿಸಿದ ಹಿಪೊಕ್ಯಾಂಪಸ್ಸಿನ ನರಕೋಶಗಳೂ ಚಲನೆಯನ್ನು ನಿಯಂತ್ರಿಸುವ ಹೊರಪದರದ ನರಕೋಶಗಳೂ ಹೆಚ್ಚು ಕವಲೊಡೆಯುವುದನ್ನು ದಾಖಲಿಸಿದರು. ಇದು ವ್ಯಾಯಾಮದ ಅಧ್ಯಯನವಲ್ಲ. ಆದರೆ ಪುರಸ್ಕಾರದ ಅನುಭವವು ಕ್ಷಣಿಕ ಸ್ರಾವವಾಗಿ ಮುಗಿಯದೆ ಮಿದುಳಿನ ರಚನೆಯಲ್ಲಿಯೇ ಗುರುತು ಉಳಿಸುತ್ತದೆಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷ್ಯ ಕನ್ನಡ ನಾಡಿನಲ್ಲಿ ಸಿಗುವುದು ಕಷ್ಟ.

ವ್ಯಾಯಾಮದ ಪ್ರಶ್ನೆ ಬೇರೊಂದು ದಾರಿಯಿಂದ ಬಂದಿತು. 1975ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನಿನಲ್ಲಿ ಜಾನ್ ಹ್ಯೂಸ್ ಮತ್ತು ಹ್ಯಾನ್ಸ್ ಕೋಸ್ಟರ್ಲಿಟ್ಸ್ ಅಫೀಮಿನಂತೆ ವರ್ತಿಸುವ ವಸ್ತುಗಳು ಮಿದುಳಿನಲ್ಲೇ ಇರುವುದನ್ನು ಪ್ರಕಟಿಸಿದ ಮೇಲೆ, ಓಟಗಾರರ ರಕ್ತದಲ್ಲಿ ಇದೇ ಗುಂಪಿನ ಎಂಡಾರ್ಫಿನ್ ಏರುವುದು ಕಂಡುಬಂದು, ಓಟದ ಉಲ್ಲಾಸಕ್ಕೆ ಅದೇ ಕಾರಣವೆಂಬ ನಂಬಿಕೆ ಬೇರೂರಿತು. ರಕ್ತದ ಎಂಡಾರ್ಫಿನ್ ಮಿದುಳನ್ನು ಸುಲಭವಾಗಿ ಹೊಗಲಾರದೆಂಬ ಆಕ್ಷೇಪ ಆಗಲೇ ಇದ್ದರೂ ಅದು ವ್ಯಾಯಾಮ ಶಾಲೆಗಳನ್ನು ತಲುಪಲಿಲ್ಲ. 2008ರಲ್ಲಿ ಜರ್ಮನಿಯ ಹೆನಿಂಗ್ ಬೋಕರ್ ತಂಡವು ಎರಡು ಗಂಟೆ ಓಡಿದ ಹತ್ತು ಮಂದಿಯ ಮಿದುಳನ್ನು ಚಿತ್ರಿಸಿ ಈ ವಾದಕ್ಕೆ ಬಲ ತುಂಬಿತಾದರೂ, 2021ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಎಂಡಾರ್ಫಿನ್ನಿನ ಗ್ರಾಹಕಗಳನ್ನು ಔಷಧದಿಂದ ಮುಚ್ಚಿದಾಗಲೂ ಓಟದ ಉಲ್ಲಾಸ ಕುಂದಲಿಲ್ಲ. ಹೀಗಾಗಿ ಗಮನವು ಗಾಂಜಾದ ಸಾರವನ್ನು ಹೋಲುವ, ದೇಹವೇ ತಯಾರಿಸುವ ಎಂಡೊಕ್ಯಾನಬಿನಾಯ್ಡುಗಳತ್ತ ಹೊರಳಿತು. ಅವುಗಳಲ್ಲೊಂದಾದ ಆನಂದಮೈಡ್ ಓಡಿದ ಮನುಷ್ಯರಲ್ಲೂ ನಾಯಿಗಳಲ್ಲೂ ಏರುತ್ತದೆ, ಫೆರೆಟ್ ಎಂಬ ಮುಂಗುಸಿಯಷ್ಟು ಗಾತ್ರದ ಪ್ರಾಣಿಯಲ್ಲಿ ಏರುವುದಿಲ್ಲ ಎಂದು 2012ರಲ್ಲಿ ತಿಳಿದುಬಂದಿತು.

ಹಾವೇರಿ ಜಿಲ್ಲೆಯ ಬ್ಯಾಡಗಿಯ ಓದುಗರಿಗೆ ಕುತೂಹಲ ಹುಟ್ಟಿಸಬಹುದಾದ ಘಟ್ಟ ಇದರ ನಂತರದ್ದು. 2022ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಕ್ರಿಸ್ಟೋಫ್ ಥೈಸ್ ತಂಡವು, ಕರುಳಿನ ಕೆಲವು ಬ್ಯಾಕ್ಟೀರಿಯಾಗಳು ತಯಾರಿಸುವ ಕೊಬ್ಬಿನಂಶದ ಅಣುಗಳು ಅಲ್ಲಿನ ಸಂವೇದನಾ ನರಗಳನ್ನು ಕೆರಳಿಸಿ, ಓಡುವ ಇಲಿಯ ಮಿದುಳಿನಲ್ಲಿ ಡೋಪಮೈನ್ ಹೆಚ್ಚು ಹೊತ್ತು ಉಳಿಯುವಂತೆ ಮಾಡುತ್ತವೆಂದು ತೋರಿಸಿತು. ಆ ನರಗಳು ಮೆಣಸಿನಕಾಯಿಯ ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ವಸ್ತುವಿಗೆ ಸ್ಪಂದಿಸುವಂಥವು. ಬ್ಯಾಕ್ಟೀರಿಯಾಗಳನ್ನು ಕಳೆದುಕೊಂಡು ಓಟದಲ್ಲಿ ಹಿಂದುಳಿದ ಇಲಿಗಳಿಗೆ ಕ್ಯಾಪ್ಸೈಸಿನ್ ಕೊಟ್ಟಾಗ ಅವು ಚೇತರಿಸಿಕೊಂಡವು. ಬ್ಯಾಡಗಿ ಮೆಣಸಿನಕಾಯಿಯ ಹೆಸರಾದರೋ ಬಣ್ಣಕ್ಕೆ, ಖಾರಕ್ಕಲ್ಲ. ಇಲಿಯ ಫಲಿತಾಂಶವನ್ನು ಮನುಷ್ಯನ ಊಟದ ಎಲೆಗೆ ತರುವುದೂ ಅವಸರದ ಮಾತಾದೀತು.

ಹಾವೇರಿ ಸೀಮೆಯ ದೃಷ್ಟಿಯಿಂದ ಹೆಚ್ಚು ತೂಕದ ಪ್ರಶ್ನೆ, ಎಲ್ಲ ಶ್ರಮವೂ ಪುರಸ್ಕಾರವಾಗುತ್ತದೆಯೇ ಎಂಬುದು. ಆರು ವಾರ ತಾವಾಗಿ ಚಕ್ರದಲ್ಲಿ ಓಡಿದ ಇಲಿಗಳು ಆ ಓಟದೊಂದಿಗೆ ಬೆಸೆದುಕೊಂಡ ಜಾಗವನ್ನೇ ಅರಸಿ ಹೋಗುತ್ತವೆಂದು ಬೆಂಜಮಿನ್ ಗ್ರೀನ್‌ವುಡ್ ತಂಡ 2011ರಲ್ಲಿ ತೋರಿಸಿತು. ಒತ್ತಾಯಕ್ಕೆ ಚಕ್ರದಲ್ಲಿ ಓಡಿದ ಇಲಿಗಳೂ ಒತ್ತಡವನ್ನು ತಾಳಿಕೊಳ್ಳುವ ಶಕ್ತಿ ಪಡೆಯುತ್ತವೆಂದು ಎರಡು ವರ್ಷಗಳ ನಂತರ ಅದೇ ತಂಡ ವರದಿ ಮಾಡಿದ್ದರಿಂದ, ಸ್ವಇಚ್ಛೆಯೊಂದೇ ನಿರ್ಣಾಯಕವೆನ್ನುವಂತಿಲ್ಲ. ಮನುಷ್ಯರ ವಿಷಯದಲ್ಲಿ, ಬಿಡುವಿನ ವ್ಯಾಯಾಮ ಆಯುಷ್ಯವನ್ನು ಹೆಚ್ಚಿಸುವಂತೆ ಕಂಡರೂ ಕೂಲಿಯ ಕಠಿಣ ದುಡಿಮೆ ಹಾಗೆ ಮಾಡುವುದಿಲ್ಲವೆಂಬ ವಿರೋಧಾಭಾಸವನ್ನು ಡೆನ್ಮಾರ್ಕಿನ ಆಂದ್ರೆಯಾಸ್ ಹೋಲ್ಟರ್ಮನ್ ಮೊದಲಾದವರು ಚರ್ಚಿಸುತ್ತ ಬಂದಿದ್ದಾರೆ. ವಿಶ್ರಾಂತಿಯಿಲ್ಲದೆ ದೀರ್ಘಕಾಲ ಭಾರ ಹೊರುವುದರಿಂದ ಹೃದಯದ ಮೇಲೆ ಬೀಳುವ ಹೊರೆಯನ್ನು ಅವರು ಕಾರಣವಾಗಿ ಮುಂದಿಡುತ್ತಾರೆ. ಪುರಸ್ಕಾರ ವ್ಯವಸ್ಥೆಗೆ ಅದರಲ್ಲಿ ಪಾಲಿದೆಯೇ ಎಂಬುದು ಆ ಚರ್ಚೆಯ ಅಂಚಿನಲ್ಲಿಯೇ ಉಳಿದಿದೆ.

ಮೇಲೆ ಹೇಳಿದ ಓಟದ ಉಲ್ಲಾಸದ ಅಧ್ಯಯನಗಳು ಹವ್ಯಾಸಕ್ಕೋ ಪ್ರಯೋಗಕ್ಕೋ ಓಡಿದವರನ್ನು ಪರೀಕ್ಷಿಸಿವೆ. ಬ್ಯಾಡಗಿಯ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಚೀಲ ಹೊರುವ ಹಮಾಲರು, ರಾಣೆಬೆನ್ನೂರು ತಾಲ್ಲೂಕಿನ ಬೀಜೋತ್ಪಾದನೆಯ ಹೊಲಗಳಲ್ಲಿ ಬಗ್ಗಿ ಹೂವಿನಿಂದ ಹೂವಿಗೆ ಪರಾಗ ಮುಟ್ಟಿಸುವ ಹೆಣ್ಣುಮಕ್ಕಳು, ಗರಡಿಮನೆಯಲ್ಲಿ ದಂಡ ಹೊಡೆಯುವ ಪೈಲ್ವಾನರು ಒಂದೇ ಜಿಲ್ಲೆಯಲ್ಲಿ ಸಿಗುತ್ತಾರೆ. ಮಾರುಕಟ್ಟೆಯಲ್ಲಿ ಕೂಲಿಗಾಗಿ ಎತ್ತುವಂಥ ಚೀಲಗಳನ್ನು ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಪಂದ್ಯಕ್ಕಾಗಿಯೂ ಎತ್ತುವ ರೂಢಿಯಿರುವುದರಿಂದ, ತೂಕವನ್ನೂ ಸ್ನಾಯುಗಳ ಕೆಲಸವನ್ನೂ ಒಂದೇ ಆಗಿರಿಸಿ ಉದ್ದೇಶವನ್ನಷ್ಟೇ ಬದಲಿಸಿ, ಎರಡೂ ಸಂದರ್ಭಗಳಲ್ಲಿ ರಕ್ತದ ಆನಂದಮೈಡನ್ನು ಅಳೆಯುವ ಪ್ರಯೋಗಕ್ಕೆ ಬೇಕಾದ ಸನ್ನಿವೇಶ ಈ ಸೀಮೆಯಲ್ಲಿ ಸಿದ್ಧವಾಗಿಯೇ ಇದೆ.