ವರ್ಚುವಲ್ ಡೆಸ್ಕ್‌ಟಾಪ್ ಮತ್ತು ಬಹು ಮಾನಿಟರ್: ಇತಿಹಾಸ

ಕಂಪ್ಯೂಟರಿನಲ್ಲಿ ತೆರೆದಿಟ್ಟ ವಿಂಡೋಗಳನ್ನು ಬೇರೆಬೇರೆ ಕಾರ್ಯಕ್ಷೇತ್ರಗಳಿಗೆ ಹಂಚಿ, ಬೇಕಾದುದನ್ನಷ್ಟೇ ಪರದೆಗೆ ತರುವ ವ್ಯವಸ್ಥೆಯೇ ವರ್ಚುವಲ್ ಡೆಸ್ಕ್‌ಟಾಪ್. ಪರದೆ ಚಿಕ್ಕದಾಗಿದ್ದ ಕಾಲದ ಉಪಾಯವೆಂದು ಇದನ್ನು ಬದಿಗಿಡುವುದು ಸರಿಯಲ್ಲ. ಜಾಗದ ಕೊರತೆ ಇದರ ಹುಟ್ಟಿಗೆ ನೆಪವಾಯಿತು. ಉಳಿವಿಗೆ ಕಾರಣವಾದದ್ದು ಕೆಲಸಗಳನ್ನು ಬೇರ್ಪಡಿಸುವ ಅಗತ್ಯ. ಝೆರಾಕ್ಸ್ ಪಾರ್ಕ್ ಸಂಶೋಧನಾ ಕೇಂದ್ರದ ಆಸ್ಟಿನ್ ಹೆಂಡರ್ಸನ್ ಮತ್ತು ಸ್ಟುವರ್ಟ್ ಕಾರ್ಡ್ 'ರೂಮ್ಸ್' ವ್ಯವಸ್ಥೆಯನ್ನು ವಿವರಿಸಿದ 1986ರ ಪ್ರಬಂಧದ ಶೀರ್ಷಿಕೆಯಲ್ಲೇ ಜಾಗದ ಪೈಪೋಟಿಯ ಪ್ರಸ್ತಾಪವಿದೆ, ನಿಜ. ಆದರೆ ಅವರ ತರ್ಕದ ಬೇರು ಇರುವುದು ಪೀಟರ್ ಡೆನಿಂಗ್ 1968ರಲ್ಲಿ ಮಂಡಿಸಿದ 'ವರ್ಕಿಂಗ್ ಸೆಟ್' ಸಿದ್ಧಾಂತದಲ್ಲಿ. ಒಂದು ಪ್ರೋಗ್ರಾಂ ಯಾವುದೇ ಹೊತ್ತಿನಲ್ಲಿ ಮೆಮೊರಿಯ ಕೆಲವೇ ಪುಟಗಳನ್ನು ಬಳಸುವಂತೆ, ಒಂದು ಕೆಲಸದಲ್ಲಿ ತೊಡಗಿದವರೂ ಕೆಲವೇ ವಿಂಡೋಗಳ ನಡುವೆ ಓಡಾಡುತ್ತಾರೆ. ಹಾಗಾಗಿ ರೂಮ್ಸ್‌ನಲ್ಲಿ ಕೆಲಸಕ್ಕೊಂದು ಕೋಣೆ; ಒಂದೇ ವಿಂಡೋ ಹಲವು ಕೋಣೆಗಳಲ್ಲಿ, ಕೋಣೆಗೊಂದು ಗಾತ್ರದಲ್ಲಿ ಕಾಣಿಸಿಕೊಳ್ಳಬಹುದಿತ್ತು. ಬರಿಯ ಜಾಗ ಹಿಗ್ಗಿಸುವುದೇ ಗುರಿಯಾಗಿದ್ದರೆ ಇದು ಬೇಕಿರಲಿಲ್ಲ. ಯುನಿಕ್ಸ್ ಕಂಪ್ಯೂಟರುಗಳ ಎಕ್ಸ್ ವಿಂಡೋ ವ್ಯವಸ್ಥೆಗೆ ಸೋಲ್‌ಬೋರ್ನ್ ಕಂಪನಿ ರೂಪಿಸಿದ ವಿಂಡೋ ನಿರ್ವಾಹಕ ಎಸ್‌ಡಬ್ಲ್ಯೂಎಂ ಹಿಡಿದದ್ದು ಬೇರೆ ದಾರಿ: ವಿಶಾಲವಾದ ಒಂದೇ ಹರವಿನ ಮೇಲೆ ಪರದೆ ಅತ್ತಿತ್ತ ಸರಿಯುತ್ತಿತ್ತು. 1993ರಲ್ಲಿ ರಾಬರ್ಟ್ ನೇಷನ್ ಆರಂಭಿಸಿದ, ಅದೇ ಬಗೆಯ ಎಫ್‌ವಿಡಬ್ಲ್ಯೂಎಂನಲ್ಲಿ ಎರಡೂ ಕಲ್ಪನೆಗಳು ಕೂಡಿಕೊಂಡವು.

ನಿಜವಾದ ಪರೀಕ್ಷೆ ಎದುರಾದದ್ದು ಹೆಚ್ಚುವರಿ ಮಾನಿಟರ್‌ಗಳಿಂದ. 1987ರ ಮ್ಯಾಕಿಂಟಾಷ್ II ಹಲವು ಮಾನಿಟರ್‌ಗಳ ಮೇಲೆ ಒಂದೇ ಡೆಸ್ಕ್‌ಟಾಪನ್ನು ಹರಡಿತು. ವಿಂಡೋಸ್ 98 ಒಂಬತ್ತು ಮಾನಿಟರ್‌ಗಳವರೆಗೆ ಅವಕಾಶ ಕೊಟ್ಟಿತು. ಸಮಸ್ಯೆ ಜಾಗದ್ದಷ್ಟೇ ಆಗಿದ್ದರೆ ವರ್ಚುವಲ್ ಡೆಸ್ಕ್‌ಟಾಪ್ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಅದು 2007ರಲ್ಲಿ 'ಸ್ಪೇಸಸ್' ಹೆಸರಿನಲ್ಲಿ ಮ್ಯಾಕ್‌ಗೆ, 2015ರಲ್ಲಿ ವಿಂಡೋಸ್ 10ಕ್ಕೆ ಬಂತು. ಲ್ಯಾಪ್‌ಟಾಪ್‌ಗಳಿಂದಾಗಿ ಚಿಕ್ಕ ಪರದೆ ಮತ್ತೆ ಮರಳಿದ್ದೇ ಇದಕ್ಕೆ ಕಾರಣ ಎನ್ನಬಹುದು. ಈ ವಾದದಲ್ಲಿ ಹುರುಳಿದೆ, ಆದರೂ ಎರಡು ಸೌಲಭ್ಯಗಳನ್ನೂ ಒಟ್ಟಿಗೆ ಬಳಸುವವರ ವಿಷಯದಲ್ಲಿ ಅದು ಸೋಲುತ್ತದೆ. ಒಂದು ಮಾನಿಟರ್‌ನಲ್ಲಿ ಕೆಲಸ ಬದಲಿಸಿದಾಗ ಇನ್ನೊಂದೂ ಬದಲಾಗಬೇಕೇ ಎಂಬ ಪ್ರಶ್ನೆ ಅವರಿಗಾಗಿಯೇ ಹುಟ್ಟಿದ್ದು. ವಿಂಡೋಸ್ 10 ಎಲ್ಲ ಮಾನಿಟರ್‌ಗಳನ್ನೂ ಒಟ್ಟಿಗೆ ಬದಲಿಸಿತು. ಲಿನಕ್ಸ್‌ನಲ್ಲಿ ಬಳಕೆಯಾಗುವ ಗ್ನೋಮ್ 3 ಡೆಸ್ಕ್‌ಟಾಪ್ ಮುಖ್ಯ ಮಾನಿಟರನ್ನು ಮಾತ್ರ ಬದಲಿಸಿ, ಉಳಿದವನ್ನು ಹಾಗೆಯೇ ಬಿಟ್ಟಿತು. ಉಲ್ಲೇಖ ಗ್ರಂಥವನ್ನು ಪಕ್ಕದಲ್ಲೇ ತೆರೆದಿಟ್ಟು ಬರೆಯುವವರಿಗೆ ಇದೇ ಹೆಚ್ಚು ಒಗ್ಗುತ್ತದೆ. 2013ರ ಮ್ಯಾಕ್ ಆವೃತ್ತಿ ಮ್ಯಾವರಿಕ್ಸ್ ಪ್ರತಿ ಮಾನಿಟರ್‌ಗೂ ಪ್ರತ್ಯೇಕ ಸ್ಪೇಸ್‌ಗಳನ್ನು ಕೊಟ್ಟಿತಾದರೂ, ಒಂದು ವಿಂಡೋವನ್ನು ಎರಡು ಮಾನಿಟರ್‌ಗಳ ಮೇಲೆ ಚಾಚುವ ಅನುಕೂಲ ಅದರೊಂದಿಗೆ ಹೋಯಿತು. ಅದು ಬೇಕಾದವರು ಹಳೆಯ ಪದ್ಧತಿಗೆ ಮರಳಲು ಆಯ್ಕೆಯೊಂದನ್ನು ಉಳಿಸಲಾಯಿತು.